ಹತ್ತಿ ಬಿಡಿಸುವ ತಿಂಗಳ ಹಾಜರಿ

(ಯಾದಗಿರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ, ಕರಾವಳಿಯಿಂದ ಬಂದ ಶಿಕ್ಷಕಿ ಒಬ್ಬರು. ಅದೇ ಸೀಮೆಯ ಶಾಲೆಗಳಲ್ಲಿ ದುಡಿದು ನಿವೃತ್ತರಾದ ಮುಖ್ಯಗುರು ಇನ್ನೊಬ್ಬರು. ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿನಲ್ಲಿ ಇಬ್ಬರ ಮಾತುಕತೆ.)

ಶಿಕ್ಷಕಿ: ಸರ್, 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಜಿಲ್ಲೆಗೆ ಶೇ 94, ಮೊದಲ ಸ್ಥಾನ. ಯಾದಗಿರಿಗೆ ಶೇ 50.59, ಕೊನೆಯ ಸ್ಥಾನ. ಪಠ್ಯಪುಸ್ತಕ ಒಂದೇ, ಪ್ರಶ್ನೆಪತ್ರಿಕೆ ಒಂದೇ. ಅಲ್ಲಿಯೂ ಬಿ.ಇಡಿ. ಮಾಡಿದವರೇ ಪಾಠ ಮಾಡುತ್ತಾರೆ, ಇಲ್ಲಿಯೂ ಅಷ್ಟೇ. ಆದರೆ ಫಲಿತಾಂಶ ಬಿದ್ದರೆ ಕಾರಣ ಕೇಳಿ ನೋಟಿಸ್ ಬರುವುದು ಶಾಲೆಗೆ. ಮನೆಯವರನ್ನು ಯಾರೂ ಕೇಳುವುದಿಲ್ಲ.

ಮುಖ್ಯಗುರು: ಕೇಳೋಣ ಅಂತಿಟ್ಟುಕೊಳ್ರಿ. ಏನು ಕೇಳ್ತೀರಿ?

ಶಿಕ್ಷಕಿ: ಮಕ್ಕಳನ್ನು ದಿನಾ ಕಳಿಸಿ, ಸಂಜೆ ಒಂದು ಗಂಟೆ ಓದಲು ಕೂರಿಸಿ. ಇಷ್ಟೇ. ಇದಕ್ಕೆ ದುಡ್ಡು ಬೇಡ, ಮನಸ್ಸಿದ್ದರೆ ಸಾಕು.

ಮುಖ್ಯಗುರು: ಅವರಿಗೆ ಮನಸ್ಸಿಲ್ಲ ಅಂತ ತೀರ್ಮಾನ ಮಾಡೋ ಮೊದಲು ಒಂಬತ್ತನೇ ತರಗತಿಯ ಹಾಜರಿ ಪುಸ್ತಕ ತೆಗೀರಿ ಮೇಡಂ. ಹೋದ ವರ್ಷದ್ದು. ಹದಿನೇಳನೇ ನಂಬರಿನ ಹುಡುಗಿಯ ಸಾಲು ಓದ್ರಿ.

ಶಿಕ್ಷಕಿ: ಜೂನ್, ಜುಲೈ ಪೂರ್ತಿ ಬಂದಿದ್ದಾಳೆ. ಆಗಸ್ಟ್‌ನಲ್ಲಿ ನಾಲ್ಕೈದು ದಿನ ಇಲ್ಲ. ದಸರಾ ರಜೆ ಮುಗಿದ ಮೇಲೆ ಸಾಲಾಗಿ ‘ಗೈ’, ‘ಗೈ’, ‘ಗೈ’. ನವೆಂಬರ್‌ನಲ್ಲಿ ಮೂರೇ ದಿನ. ಡಿಸೆಂಬರ್ ಒಂದು ದಿನವೂ ಇಲ್ಲ. ಸಂಕ್ರಾಂತಿ ಕಳೆದ ಮೇಲೆ ಮತ್ತೆ ಹಾಜರಿ.

ಮುಖ್ಯಗುರು: ಅದು ಹತ್ತಿ ಬಿಡಿಸೋ ಕಾಲ. ಬೆಳಗ್ಗೆ ಹೊತ್ತು ಹುಟ್ಟೋದರೊಳಗೆ ಓಣಿಯ ತುದಿಗೆ ಟಂಟಂ ಬಂದು ನಿಂತಿರ್ತದೆ. ತಾಯಿ ಹತ್ತುತ್ತಾಳೆ, ಮಗಳೂ ಹತ್ತುತ್ತಾಳೆ. ಕೂಲಿ ಕೆಜಿ ಲೆಕ್ಕ. ದಿನಗೂಲಿ ಆಗಿದ್ದರೆ ಮಗಳನ್ನು ಮನೇಲಿ ಬಿಡಬಹುದಿತ್ತೇನೋ. ಕೆಜಿ ಲೆಕ್ಕ ಅಂದ ಕೂಡಲೇ ಮನೆಯಲ್ಲಿ ಎಷ್ಟು ಕೈ ಅದಾವೋ ಅಷ್ಟೂ ಹೊಲಕ್ಕೆ ಬೇಕು. ಈಗ ಹೇಳ್ರಿ, ಆ ಮೂರು ತಿಂಗಳು ನೀವು ಏನು ಪಾಠ ಮಾಡಿದ್ರಿ?

ಶಿಕ್ಷಕಿ: ಬಹುಪದೋಕ್ತಿ. ಆಮೇಲೆ ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣ.

ಮುಖ್ಯಗುರು: ಹತ್ತನೇ ತರಗತಿಯಲ್ಲಿ?

ಶಿಕ್ಷಕಿ: ಅದೇ ಸಮೀಕರಣಗಳ ಜೋಡಿ, ವರ್ಗ ಸಮೀಕರಣ. ಹೌದು, ಒಂಬತ್ತರಲ್ಲಿ ತಪ್ಪಿದರೆ ಹತ್ತರಲ್ಲಿ ಕೈಕಟ್ಟಿ ಕೂರಬೇಕಾಗುತ್ತದೆ. ಜನವರಿಯಲ್ಲಿ ಆ ಹುಡುಗಿಯನ್ನು ಬೋರ್ಡಿಗೆ ಕರೆದಿದ್ದೆ. ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತಳು. ಇಡೀ ತರಗತಿ ಅವಳನ್ನು ದಡ್ಡಿ ಅಂದುಕೊಂಡಿತು.

ಮುಖ್ಯಗುರು: ಅದೇ ಹುಡುಗಿ ಹೊಲದಲ್ಲಿ ತೂಕದವನ ಮುಂದೆ ನಿಂತಾಗ ನೀವು ನೋಡಬೇಕು. ತಾಯಿ ಬಿಡಿಸಿದ್ದು ನಲವತ್ತೆರಡು ಕೆಜಿ, ತಾನು ಬಿಡಿಸಿದ್ದು ಇಪ್ಪತ್ತೇಳು, ಕೆಜಿಗೆ ಹತ್ತರಂತೆ ಆರುನೂರ ತೊಂಬತ್ತು, ಮುಂಗಡದಲ್ಲಿ ಇನ್ನೂರು ಮುರಿದರೆ ನಾನೂರ ತೊಂಬತ್ತು ಕೊಡಬೇಕು ಅಂತ ಅವನು ಚೀಟಿ ಬರೆಯೋದರೊಳಗೆ ಹೇಳಿಬಿಡ್ತಾಳೆ. ನಾನು ಕಣ್ಣಾರೆ ಕಂಡದ್ದು. ಬುದ್ಧಿ ಎಲ್ಲಿಗೂ ಹೋಗಿಲ್ಲ. ಹೋಗಿದ್ದು ಮೂರು ತಿಂಗಳು. ಬಡ ಮನೆ ಮಗುವಿನಿಂದ ಮೊದಲು ಕಿತ್ತುಕೊಳ್ಳೋದು ಸಮಯವನ್ನ. ಓದುವ ಸಮಯ, ನಿದ್ದೆಯ ಸಮಯ, ಆಟದ ಸಮಯ. ನನ್ನ ಇಡೀ ನೌಕರಿಯಲ್ಲಿ ನಾನು ತಿಳಿದುಕೊಂಡದ್ದು ಇದೊಂದೇ.

ಶಿಕ್ಷಕಿ: ಒಪ್ಪುತ್ತೇನೆ. ಆದರೆ ಇದು ನನ್ನ ಮಾತಿಗೇ ಬಲ ಕೊಡುತ್ತದಲ್ಲ ಸರ್? ಎಲ್ಲವೂ ಮನೆಯಲ್ಲೇ ತೀರ್ಮಾನವಾಗುತ್ತದೆ ಅಂತಾಯಿತು. ಬಿ.ಇಡಿ.ಯಲ್ಲಿ ಓದಿದ ಕೋಲ್ಮನ್ ವರದಿಯೂ ಇದನ್ನೇ ಹೇಳುತ್ತದೆ. ಅಮೆರಿಕದಲ್ಲಿ 1966ರಲ್ಲಿ ಬಂದದ್ದು. ಸುಮಾರು 4,000 ಶಾಲೆಗಳು, 6 ಲಕ್ಷಕ್ಕೂ ಹೆಚ್ಚು ಮಕ್ಕಳು. ಮಕ್ಕಳ ಅಂಕಗಳ ನಡುವಿನ ಅಂತರಕ್ಕೆ ಶಾಲೆಯ ಕಟ್ಟಡ, ಖರ್ಚುವೆಚ್ಚಗಳಿಗಿಂತ ಮನೆಯ ಹಿನ್ನೆಲೆಯೇ ದೊಡ್ಡ ಕಾರಣ ಅಂತ ಜೇಮ್ಸ್ ಕೋಲ್ಮನ್ ತಂಡ ಕಂಡುಕೊಂಡಿತು. ಹಾಗಾದರೆ ನಾನು ಇಲ್ಲಿ ಗಂಟಲು ಹರಿದುಕೊಂಡು ಮಾಡುವುದೇನು?

ಮುಖ್ಯಗುರು: ಕೋಲ್ಮನ್ ನೋಡಿದ್ದು ಅಮೆರಿಕದ ಶಾಲೆಗಳನ್ನ. ಹೆಚ್ಚುಕಡಿಮೆ ಎಲ್ಲ ಶಾಲೆಯಲ್ಲೂ ಪುಸ್ತಕ, ಮೇಷ್ಟ್ರು, ಕಟ್ಟಡ ಇರೋ ದೇಶದಲ್ಲಿ ಉಳಿಯೋ ವ್ಯತ್ಯಾಸ ಮನೆಯದೇ ಆಗ್ತದೆ. 1983ರಲ್ಲಿ ಹೈನ್‌ಮನ್ ಮತ್ತು ಲಾಕ್ಸ್ಲಿ ಅನ್ನೋ ಇಬ್ಬರು 29 ದೇಶಗಳ ಮಾಹಿತಿ ಹೋಲಿಸಿ ನೋಡಿದ್ರು. ದೇಶ ಬಡದಾದಷ್ಟೂ ಮಗುವಿನ ಕಲಿಕೆಯ ಮೇಲೆ ಶಾಲೆಯ ಮತ್ತು ಶಿಕ್ಷಕರ ಪ್ರಭಾವ ಹೆಚ್ಚು ಅಂತ ಅವರಿಗೆ ಕಂಡಿತು. ಕಾರಣ ಸರಳ ಅದೆ. ಮನೆಯಲ್ಲಿ ಪುಸ್ತಕವೇ ಇಲ್ಲದ ಮಗುವಿಗೆ ಶಾಲೆಯ ಪುಸ್ತಕವೇ ಮೊದಲನೆಯದು. ಮನೆಯಲ್ಲಿ ಗಣಿತ ಹೇಳಿಕೊಡೋರು ಇಲ್ಲದ ಹುಡುಗಿಗೆ ನೀವೇ ಮೊದಲನೆಯವರು, ನೀವೇ ಕೊನೆಯವರು.

ಶಿಕ್ಷಕಿ: ಆದರೆ ಆ ಲೆಕ್ಕ ಹಾಗೇ ಉಳಿಯಲಿಲ್ಲ. 2002ರಲ್ಲಿ ಬೇರೆ ಸಂಶೋಧಕರು ಹೊಸ ಮಾಹಿತಿ ಇಟ್ಟುಕೊಂಡು ನೋಡಿದಾಗ ಬಡ ದೇಶಗಳಲ್ಲೂ ಮನೆಯ ಪ್ರಭಾವವೇ ಮೇಲಾಗಿತ್ತು. ನನಗೆ ಅದರಲ್ಲಿ ಆಶ್ಚರ್ಯವಿಲ್ಲ. ಎಲ್ಲರಿಗೂ ಶಾಲೆ ಸಿಕ್ಕಿದ ಮೇಲೆ, ಇದ್ದವರು ಟ್ಯೂಷನ್ ಸೇರಿಸುತ್ತಾರೆ, ಕಾನ್ವೆಂಟಿಗೆ ಹಾಕುತ್ತಾರೆ. ಇಲ್ಲದವರು ಅಲ್ಲೇ ಉಳಿಯುತ್ತಾರೆ.

ಮುಖ್ಯಗುರು: ಅದೂ ನಿಜ. ಶಾಲೆ ಕಟ್ಟಿದ ಮಾತ್ರಕ್ಕೆ ಮನೆಮನೆಯ ನಡುವಿನ ಅಂತರ ಮುಚ್ಚಲಿಲ್ಲ ಅನ್ನೋದಕ್ಕೆ ಅದು ಸಾಕ್ಷಿ. ಆದರೆ ಮನೆ ಅಂದ್ರೆ ಏನು ಅಂತ ಒಮ್ಮೆ ಯೋಚನೆ ಮಾಡ್ರಿ. ನಿಮ್ಮ ಅಜ್ಜಿಗೆ ಓದು ಬರ್ತಿತ್ತಾ?

ಶಿಕ್ಷಕಿ: ಬರುತ್ತಿತ್ತು. ಐದನೇ ಕ್ಲಾಸ್. ಮನೆಗೆ ಬರುವ ಪೇಪರನ್ನು ಮೂಲೆಯಿಂದ ಮೂಲೆಗೆ ಓದುತ್ತಿದ್ದರು.

ಮುಖ್ಯಗುರು: ನಮ್ಮ ಅಜ್ಜಿಗೆ ಬರ್ತಿರಲಿಲ್ಲ. ನಿಮ್ಮ ಮಂಗಳೂರಿಗೆ ಬಾಸೆಲ್ ಮಿಷನ್ 1834ರಲ್ಲೇ ಬಂತು, ಶಾಲೆ ಕಟ್ತು, ಮುದ್ರಣಾಲಯ ಹಾಕ್ತು. ಈ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಇದ್ದ ಕೆಲವೇ ಶಾಲೆಗಳಲ್ಲೂ ಕಲಿಸೋ ಭಾಷೆ ಉರ್ದು, ಮನೆಯ ಮಾತು ಕನ್ನಡ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88ಕ್ಕೂ ಮೇಲೆ, ಯಾದಗಿರಿಯದು ಶೇ 52ರ ಆಸುಪಾಸು. ಇವತ್ತು ಉಡುಪಿಯಲ್ಲಿ ಮಗುವನ್ನು ಓದಲು ಕೂರಿಸೋ ತಾಯಿ ಅಂದಿನ ಶಾಲೆಗಳು ತಯಾರು ಮಾಡಿದ ತಾಯಿ. ನೀವು ಮನೆ, ಶಾಲೆ ಅಂತ ಬೇರೆ ಬೇರೆ ಮಾಡ್ತೀರಿ. ಹಿಂದಿನ ತಲೆಮಾರಿನ ಶಾಲೆಯೇ ಈ ತಲೆಮಾರಿನ ಮನೆಯೊಳಗೆ ಕೂತದೆ.

ಶಿಕ್ಷಕಿ: ಹಾಗೆ ನೋಡಿದರೆ ಇಲ್ಲಿನ ತಾಯಂದಿರನ್ನು ದೂರುವುದರಲ್ಲಿ ಅರ್ಥವಿಲ್ಲ.

ಮುಖ್ಯಗುರು: ದೂರೋದು ಅನ್ಯಾಯ. ಪಾಲಕರ ಸಭೆಗೆ ಬಂದ ತಾಯಂದಿರನ್ನು ಗಮನಿಸ್ರಿ. ಹೆಬ್ಬೆಟ್ಟು ಒತ್ತಿದ ಕೈಯಿಂದಲೇ ಮಗಳ ನೋಟ್‌ಬುಕ್ ತಿರುವಿ ಹಾಕ್ತಾರೆ. ಅಕ್ಷರ ಗೊತ್ತಿಲ್ಲ, ಆದರೆ ಕೆಂಪು ಶಾಯಿಯ ಗುರುತು ಎಲ್ಲಿವರೆಗೆ ಅದೆ, ಎಲ್ಲಿಂದ ಇಲ್ಲ ಅನ್ನೋದು ಗೊತ್ತಾಗ್ತದೆ. ‘ಇಲ್ಲಿಂದ ಮುಂದ ಯಾಕ ಕೆಂಪು ಗುರುತಿಲ್ಲ ಸರ?’ ಅಂತ ಒಬ್ಬಾಕಿ ನನ್ನನ್ನು ಕೇಳಿದ್ಲು. ಮಗಳು ಶಾಲೆ ತಪ್ಪಿಸಿದ ಪುಟಗಳು ಅವು. ಇಂಥ ತಾಯಿಗೆ ಕಾಳಜಿ ಇಲ್ಲ ಅಂತ ಹೇಗೆ ಅನ್ನೋದು? ನಾವು ಸಭೆ ಕರೆಯೋದು ಬೆಳಗ್ಗೆ ಹನ್ನೊಂದಕ್ಕೆ. ಬಂದ್ರೆ ಆ ದಿನದ ಕೂಲಿ ಹೋಯಿತು. ಬರದೆ ಇದ್ರೆ ‘ಪಾಲಕರ ನಿರ್ಲಕ್ಷ್ಯ’ ಅಂತ ನಡಾವಳಿಯಲ್ಲಿ ಬರೀತೇವೆ. ಅಮಾವಾಸ್ಯೆ ದಿನ ಇಲ್ಲಿ ಎತ್ತು ಹೂಡೋದಿಲ್ಲ, ಬಹಳ ಮಂದಿ ಹೊಲದ ಕೆಲಸಕ್ಕೆ ಹೋಗೋದಿಲ್ಲ. ಅವತ್ತು ಸಂಜೆ ಸಭೆ ಇಡ್ರಿ. ಆಮೇಲೆ ಯಾರಿಗೆ ಕಾಳಜಿ ಅದೆ, ಯಾರಿಗಿಲ್ಲ ಅಂತ ಮಾತಾಡೋಣ.

ಶಿಕ್ಷಕಿ: ಸಭೆ ಸಂಜೆಗೆ ಇಡಬಹುದು. ಮನೆಯೊಳಗಿನ ಸ್ಥಿತಿಗೆ ಏನು ಮಾಡುವುದು? ಹತ್ತನೇ ತರಗತಿಯ ಹುಡುಗನೊಬ್ಬನ ಮನೆಗೆ ಹೋಗಿದ್ದೆ. ತಗಡಿನ ಮಾಡು, ಒಂದೇ ಕೋಣೆ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಟಿ.ವಿ., ನಡುವೆ ಕಾಯಿಲೆಯ ಅಜ್ಜ ಮಲಗಿದ್ದರು. ಒಂದು ಬಲ್ಬು. ರಾತ್ರಿ ಎಂಟಕ್ಕೆ ಎಲ್ಲರೂ ಬಂದ ಮೇಲೆ ಕಾಲು ಚಾಚಲೂ ಜಾಗವಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಫೋನ್ ಮಾಡಿ ಮಕ್ಕಳನ್ನು ಓದಲು ಎಬ್ಬಿಸಬೇಕು ಅಂತ ನಮ್ಮಲ್ಲಿ ಪದ್ಧತಿ ಇದೆಯಲ್ಲ, ಪರೀಕ್ಷೆ ಹತ್ತಿರ ಬಂದಾಗ? ಆ ಮನೆಗೆ ಫೋನ್ ಮಾಡಿದರೆ ಏಳುವುದು ಅಜ್ಜ.

ಮುಖ್ಯಗುರು: ಫೋನ್ ಮಾಡೋ ಮೇಷ್ಟ್ರ ಶ್ರದ್ಧೆಗೆ ನಾನು ಕೈಮುಗೀತೀನಿ. ಆದರೆ ಹುಡುಗ ಎದ್ದು ಎಲ್ಲಿ ಕೂಡಬೇಕು? ಅದನ್ನೂ ನಾವೇ ನೋಡಬೇಕು. ಸಂಜೆ ಐದರಿಂದ ಏಳೂವರೆವರೆಗೆ ಶಾಲೆಯ ಒಂದು ಕೋಣೆ ತೆರೆದಿರಲಿ. ದೀಪ, ಫ್ಯಾನು, ಕುಡಿಯೋ ನೀರು, ಒಬ್ಬರು ದೊಡ್ಡವರು. ಪಾಠ ಮಾಡೋದೇನೂ ಬೇಡ. ಹೆಣ್ಣುಮಕ್ಕಳು ಮನೆ ಮುಟ್ಟೋವರೆಗೆ ಜೊತೆಗೊಬ್ಬರು ಇರಬೇಕು, ಅಷ್ಟು ವ್ಯವಸ್ಥೆ ಎಸ್‌ಡಿಎಂಸಿ ಮಾಡಬಹುದು. ಮನೆಯಲ್ಲಿ ಸಿಗದ ಎರಡೂವರೆ ತಾಸು ಮತ್ತು ಒಂದು ಮೂಲೆ, ಇವೆರಡನ್ನು ಕೊಟ್ಟರೆ ಎಷ್ಟೋ ಆಯಿತು.

ಶಿಕ್ಷಕಿ: ನಮ್ಮವರು ಮಾತ್ರ ಇನ್ನೂ ಬೀದಿದೀಪದ ಕೆಳಗೆ ಓದಿ ದೊಡ್ಡವರಾದವರ ಕತೆ ಹೇಳುತ್ತಾರೆ. ಪ್ರತಿ ಪ್ರತಿಭಾ ಪುರಸ್ಕಾರದಲ್ಲೂ ಆ ಭಾಷಣ ಇದ್ದೇ ಇರುತ್ತದೆ.

ಮುಖ್ಯಗುರು: ಆ ಭಾಷಣ ನಿಲ್ಲಬೇಕು ಮೇಡಂ. ಬೀದಿದೀಪದ ಕೆಳಗೆ ಕೂತು ಗೆದ್ದ ಒಬ್ಬನ ಹೆಸರು ನಮಗೆ ಗೊತ್ತಿರ್ತದೆ. ಅದೇ ದೀಪದ ಕೆಳಗೆ ತೂಕಡಿಸಿ ಸೋತವರು ಎಷ್ಟು ಮಂದಿ ಅಂತ ಯಾರೂ ಲೆಕ್ಕ ಇಡಲಿಲ್ಲ. ಕಷ್ಟದಲ್ಲಿ ಓದೋ ಮಗುವಿಗೆ ಆ ಕತೆ ಹೇಳೋದು ಅಂದ್ರೆ, ‘ನಿನ್ನ ಸೋಲಿಗೆ ನೀನೇ ಹೊಣೆ’ ಅಂತ ನಯವಾಗಿ ಹೇಳೋದು. ದೊಡ್ಡವರು ಮಾಡಬೇಕಾದ ಕೆಲಸವನ್ನು ಮಗುವಿನ ಛಲದ ಮೇಲೆ ಹೊರಿಸಿ ನಾವು ಚಪ್ಪಾಳೆ ತಟ್ಟಬಾರದು.

ಶಿಕ್ಷಕಿ: ತಾಂಡಾದ ಮಕ್ಕಳ ಬಗ್ಗೆಯೂ ನನಗೆ ಹಾಗೇ ಅನ್ನಿಸುತ್ತದೆ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ಒಂದನೇ ತರಗತಿಯ ಮೇಷ್ಟ್ರು ‘ಪುಸ್ತಕ ತೆಗಿ’ ಅಂದರೆ ಆ ಮಗು ಪಕ್ಕದವರ ಕೈ ನೋಡಿ ತಾನೂ ತೆಗೆಯುತ್ತದೆ. ಪ್ರೌಢಶಾಲೆಗೆ ಬರುವಷ್ಟರಲ್ಲಿ ಅವರ ಕನ್ನಡ ಸರಿಯಾಗಿರುತ್ತದೆ. ಆದರೆ ಆ ಮೊದಲ ಎರಡು ವರ್ಷ ಕಲಿಯಬೇಕಿದ್ದ ಕೂಡು, ಕಳೆ ಅರ್ಧಂಬರ್ಧ ಉಳಿದಿರುತ್ತದೆ.

ಮುಖ್ಯಗುರು: ಗುಳೆ ಹೋಗೋ ಮನೆಗಳೂ ತಾಂಡಾಗಳಲ್ಲೇ ಹೆಚ್ಚು. ಸುಗ್ಗಿ ಮುಗೀತಿದ್ದಂತೆ ಬೆಂಗಳೂರು, ಪುಣೆ, ಮುಂಬೈಯ ಕಟ್ಟಡ ಕೆಲಸಕ್ಕೆ ಗಂಟುಮೂಟೆ ಕಟ್ತಾರೆ. ಮಗು ಅಲ್ಲಿ ಯಾವ ಶಾಲೆಯ ಹಾಜರಿಯಲ್ಲೂ ಇರೋದಿಲ್ಲ. ಮೊದಲು ಭಾಷೆಯಿಂದ ಎರಡು ವರ್ಷ ಹೋಯಿತು, ಆಮೇಲೆ ಗುಳೆಯಿಂದ ವರ್ಷಕ್ಕೆ ನಾಲ್ಕು ತಿಂಗಳು. ಕೂಡಿಸ್ತಾ ಹೋಗ್ರಿ, ಹತ್ತನೇ ತರಗತಿಗೆ ಬರೋ ಹೊತ್ತಿಗೆ ಆ ಹುಡುಗ ಶಾಲೆಯಲ್ಲಿ ಕಳೆದದ್ದು ನಿಜವಾಗಿ ಐದೋ ಆರೋ ವರ್ಷ. ಹತ್ತು ವರ್ಷ ಕಲಿತವನ ಜೊತೆ ಅದೇ ಪ್ರಶ್ನೆಪತ್ರಿಕೆ ಬರೀತಾನೆ.

ಶಿಕ್ಷಕಿ: ಹಾಗಿದ್ದರೂ ಹೆಣ್ಣುಮಕ್ಕಳ ವಿಷಯ ನನಗೆ ಒಗಟು. ಮನೆಗೆಲಸ, ನೀರು, ತಮ್ಮತಂಗಿಯರು ಎಲ್ಲ ಅವರ ಪಾಲಿಗೆ. ಆದರೆ 2024ರಲ್ಲಿ ರಾಜ್ಯದಲ್ಲಿ ಪಾಸಾದ ಹುಡುಗಿಯರು ಶೇ 81, ಹುಡುಗರು ಶೇ 66ರಷ್ಟೂ ಇಲ್ಲ. ಸಮಯ ಕಳೆದುಕೊಳ್ಳುವುದೇ ಕಾರಣವಾಗಿದ್ದರೆ ಹುಡುಗಿಯರು ಹಿಂದೆ ಬೀಳಬೇಕಿತ್ತು.

ಮುಖ್ಯಗುರು: ಒಳ್ಳೇ ಪ್ರಶ್ನೆ. ಒಂದು, ಪರೀಕ್ಷೆಗೆ ಕೂತ ಹುಡುಗಿಯರದು ಮಾತ್ರ ಆ ಲೆಕ್ಕ. ಎಂಟರ ನಂತರ ಹೊಲಕ್ಕೆ ಹೋದವರು, ಮದುವೆಯಾಗಿ ಹೋದವರು ಅದರಲ್ಲಿಲ್ಲ. ಎರಡು, ಉಳಿದುಕೊಂಡ ಹುಡುಗಿಗೆ ಶಾಲೆ ಬಿಟ್ಟರೆ ಮುಂದೇನು ಅನ್ನೋದು ಚೆನ್ನಾಗಿ ಗೊತ್ತು, ಅದಕ್ಕೆ ಪ್ರಾಣ ಬಿಟ್ಟು ಓದ್ತಾಳೆ. ಹುಡುಗನಿಗೆ ಹದಿನೈದಕ್ಕೇ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಸಿಗ್ತದೆ, ಕೈಯಲ್ಲಿ ದುಡ್ಡು ಆಡ್ತದೆ. ಒಂದೇ ಸೂರಿನಡಿಯ ಬಡತನ ಅಣ್ಣನಿಗೆ ಒಂದು ದಾರಿ ತೋರಿಸ್ತದೆ, ತಂಗಿಗೆ ಇನ್ನೊಂದು. ಅದಕ್ಕೆ ‘ಬಡ ಕುಟುಂಬ’ ಅಂತ ಒಂದೇ ಪದ ಬರೆದು ಮುಗಿಸಬಾರದು. ಯಾವ ಮಗು, ಯಾವ ತಿಂಗಳು, ಏನು ಕಳಕೊಂಡಿತು ಅಂತ ಕೇಳಬೇಕು.

ಶಿಕ್ಷಕಿ: ಕಾನೂನು ಇದೆಯಲ್ಲ ಸರ್. ಅದು ಯಾಕೆ ಆ ಹದಿನೇಳನೇ ನಂಬರಿನ ಹುಡುಗಿಯನ್ನು ಹಿಡಿದು ನಿಲ್ಲಿಸಲಿಲ್ಲ?

ಮುಖ್ಯಗುರು: 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂತು, 14ರೊಳಗಿನವರ ದುಡಿಮೆ ನಿಷೇಧ ಆಯಿತು, 14ರಿಂದ 18ರವರಿಗೆ ಅಪಾಯಕಾರಿ ಕೆಲಸ ಮಾತ್ರ ನಿಷೇಧ. ಹುಡುಗಿ ಒಂಬತ್ತನೇ ತರಗತಿಗೆ ಕಾಲಿಡೋದೂ ಹದಿನಾಲ್ಕು ತುಂಬೋದೂ ಒಂದೇ ಹೊತ್ತಿಗೆ. ಸರಿಯಾಗಿ ಆಗಲೇ ಕಾನೂನು ಕೈ ಬಿಡ್ತದೆ, ಹೊಲ ಕೈ ಹಿಡೀತದೆ.

ಶಿಕ್ಷಕಿ: ಹಾಗಾದರೆ ಹಿಡಿದು ನಿಲ್ಲಿಸಬಲ್ಲದ್ದು ಏನು?

ಮುಖ್ಯಗುರು: ಇದುವರೆಗೆ ಏನು ನಿಲ್ಲಿಸಿತು ಅಂತ ನೋಡ್ರಿ. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದು ನಮ್ಮಂಥ ಹಿಂದುಳಿದ ಜಿಲ್ಲೆಗಳಲ್ಲೇ. ಅದಕ್ಕೂ ಮೊದಲು ಮಧ್ಯಾಹ್ನದ ಗಂಟೆ ಬಾರಿಸಿದ ಮೇಲೆ ಅರ್ಧ ತರಗತಿ ತಿರುಗಿ ಬರ್ತಿರಲಿಲ್ಲ. ಊಟ ಬಂದ ಮೇಲೆ ಮಧ್ಯಾಹ್ನದ ಪಾಠ ಅನ್ನೋದು ಇದೆ ಅಂತ ಆಯಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು, 2021ರ ಡಿಸೆಂಬರ್‌ನಲ್ಲಿ ಮೊಟ್ಟೆ. ಮೊಟ್ಟೆ ಬಗ್ಗೆ ಎಷ್ಟು ಗದ್ದಲ ಆಯಿತು, ನಿಮಗೂ ಗೊತ್ತು. ಆದರೆ ತಿಂದ ಮಗುವಿನ ಮುಖ ನೋಡಿದವರು ಗದ್ದಲ ಮಾಡಲಿಲ್ಲ. ಇವೆಲ್ಲ ಮನೆಯ ಕೊರತೆಗಳೇ. ಶಾಲೆಯ ಅಂಗಳದಲ್ಲಿ ತುಂಬಿಸಿಕೊಟ್ಟದ್ದು. ಹಸಿವನ್ನು ಹೀಗೆ ತುಂಬಿಸಬಹುದಾದ್ರೆ ಸಮಯವನ್ನೂ ತುಂಬಿಸಬಹುದು.

ಶಿಕ್ಷಕಿ: ಸಮಯ ತುಂಬಿಸುವುದು ಅಂದರೆ?

ಮುಖ್ಯಗುರು: ತಾಯಿತಂದೆ ಗುಳೆ ಹೋಗೋ ತಿಂಗಳುಗಳಲ್ಲಿ ಮಗು ಊರಲ್ಲೇ ಉಳಿಯೋಕೆ ಋತುಮಾನದ ವಸತಿ ನಿಲಯ. ಸರ್ವ ಶಿಕ್ಷಣ ಅಭಿಯಾನದಲ್ಲೇ ಅದಕ್ಕೆ ಜಾಗ ಇತ್ತು. ಆದರೆ ಮಕ್ಕಳು ಟೆಂಪೊ ಹತ್ತಿದ ಮೇಲೆ ಮಂಜೂರಾತಿ ಬಂದ್ರೆ ಉಪಯೋಗ ಇಲ್ಲ. ಅಕ್ಟೋಬರ್‌ನಲ್ಲಿ ಬೇಕಾದದ್ದನ್ನು ಜುಲೈನಲ್ಲೇ ಕೇಳಬೇಕು, ಹೆಸರುಗಳ ಸಮೇತ. ಇನ್ನು ತರಗತಿಯೊಳಗೆ ನಿಮ್ಮ ಕೈಲಿರೋದು. ಜನವರಿಯಲ್ಲಿ ವಾಪಸ್ ಬಂದ ಹುಡುಗಿಯನ್ನು ಬೋರ್ಡಿಗೆ ಕರೀಬೇಡ್ರಿ. ಹತ್ತಿಯ ಲೆಕ್ಕ ಕೇಳ್ರಿ.

ಶಿಕ್ಷಕಿ: ತಾಯಿ ಬಿಡಿಸಿದ್ದು x ಕೆಜಿ, ಮಗಳು y ಕೆಜಿ. ಇಬ್ಬರೂ ಸೇರಿ ಅರವತ್ತೊಂಬತ್ತು, ತಾಯಿ ಹದಿನೈದು ಕೆಜಿ ಹೆಚ್ಚು. ಸರ್, ಅದು ಹತ್ತನೇ ತರಗತಿಯ ಸಮೀಕರಣದ ಜೋಡಿಯೇ! ಅವಳು ಅದನ್ನು ಬಾಯಲ್ಲಿ ಬಿಡಿಸುತ್ತಾಳೆ. ಬರೆಯುವುದನ್ನು ಮಾತ್ರ ನಾನು ಕಲಿಸಬೇಕು.

ಮುಖ್ಯಗುರು: ಅಷ್ಟೇ. ಇನ್ನೊಂದು ಮಾತು. ಮನೆಗೆಲಸ ಕೊಡುವಾಗ ದೊಡ್ಡವರ ಸಹಾಯ ಬೇಕಾಗೋದನ್ನು ಕೊಡಬೇಡ್ರಿ. ಪ್ರಾಜೆಕ್ಟ್ ಅಂತ ಬಣ್ಣದ ಪ್ರಿಂಟ್ ತೆಗೆಸಿ ತಂದವನಿಗೆ ಹೆಚ್ಚು, ಕೈಯಲ್ಲಿ ಗೀಚಿ ತಂದವನಿಗೆ ಕಡಿಮೆ ಅಂತ ಆಂತರಿಕ ಅಂಕ ಹಾಕಿದ್ರೆ ಅದು ಅಪ್ಪನ ಜೇಬಿಗೆ ಹಾಕಿದ ಅಂಕ.

ಶಿಕ್ಷಕಿ: ಇಷ್ಟೆಲ್ಲ ಮಾಡಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಮನೆಗೆ ಮಗಳ ಹತ್ತಿ ಕೂಲಿ ದಿನಕ್ಕೆ ಇನ್ನೂರ ಎಪ್ಪತ್ತು ರೂಪಾಯಿ. ಅದನ್ನು ನಾನು ಸಮೀಕರಣ ಕಲಿಸಿ ತುಂಬಲಾರೆ. ಊರಲ್ಲೇ ಕೆಲಸ ಸಿಗಬೇಕು, ತಾಯಿಯ ಕೂಲಿ ಮನೆ ನಡೆಸುವಷ್ಟು ಇರಬೇಕು, ಕಾಯಿಲೆ ಬಿದ್ದರೆ ಸಾಲ ಆಗಬಾರದು. ಇವು ಶಾಲೆಯಿಂದ ಆಗುವ ಕೆಲಸಗಳಲ್ಲ.

ಮುಖ್ಯಗುರು: ಆಗೋದಿಲ್ಲ. ಎಲ್ಲ ಶಾಲೆಯೇ ಮಾಡಲಿ ಅನ್ನೋ ಸರ್ಕಾರದ ಮಾತನ್ನೂ ಒಪ್ಪಬೇಡ್ರಿ, ಎಲ್ಲ ಮನೆಯ ತಪ್ಪು ಅನ್ನೋ ನಮ್ಮವರ ಮಾತನ್ನೂ ಒಪ್ಪಬೇಡ್ರಿ. ಸಂವಿಧಾನದ 371(ಜೆ) ಬಂದ ಮೇಲೆ ಈ ಭಾಗಕ್ಕೆ ಅಂತ ಪ್ರತ್ಯೇಕ ಹಣ ಅದೆ, ಮಂಡಳಿ ಅದೆ. ಅದನ್ನು ಕಟ್ಟಡಕ್ಕೆ ಸುರಿಯೋದು ಸುಲಭ, ಕಣ್ಣಿಗೆ ಕಾಣ್ತದೆ. ಹತ್ತಿ ಕಾಲದ ಮೂರು ತಿಂಗಳ ಹಾಸ್ಟೆಲ್ಲು, ಸಂಜೆಯ ದೀಪ, ತಾಂಡಾದ ಒಂದನೇ ತರಗತಿಗೆ ಲಂಬಾಣಿ ಬರೋ ಒಬ್ಬ ಸಹಾಯಕಿ, ಇವು ಉದ್ಘಾಟನೆಯ ಕಲ್ಲಿನ ಮೇಲೆ ಬರೆಯೋಕೆ ಬರೋದಿಲ್ಲ. ಆದರೆ ನೋಟಿಸಿಗೆ ಉತ್ತರ ಬರೆಯುವಾಗ ನೀವು ಇವನ್ನೇ ಬರೀಬಹುದು.

ಶಿಕ್ಷಕಿ: ಕಾರಣ ಕೇಳಿದ್ದಕ್ಕೆ ಕಾರಣವನ್ನೇ ಬರೆಯುವುದು. ಹಾಜರಿ ಪುಸ್ತಕದಿಂದ ಪ್ರತಿ ಮಗುವಿನ ಎದುರು ತಪ್ಪಿದ ದಿನಗಳು, ಆ ದಿನಗಳಲ್ಲಿ ನಡೆದ ಪಾಠ, ತಪ್ಪಲು ಕಾರಣ. ಹತ್ತಿಯೋ, ಗುಳೆಯೋ, ಮನೆಯಲ್ಲಿ ಕೂಸು ನೋಡಿಕೊಳ್ಳುವುದೋ. ಪ್ರತಿಯೊಂದರ ಮುಂದೆ, ಇದನ್ನು ಶಾಲೆ ತುಂಬುತ್ತದೆ, ಇದನ್ನು ಇಲಾಖೆ ತುಂಬಬೇಕು, ಇದನ್ನು ಗ್ರಾಮ ಪಂಚಾಯಿತಿ ತುಂಬಬೇಕು ಅಂತ. ಯಾವ ತಾಯಿಯ ಹೆಸರಿನ ಮುಂದೆಯೂ ‘ನಿರ್ಲಕ್ಷ್ಯ’ ಅಂತ ಬರೆಯುವುದಿಲ್ಲ.

ಮುಖ್ಯಗುರು: ಬರೀರಿ. ಜೂನ್ ತಿಂಗಳಲ್ಲೇ ಬರೀರಿ, ಎಸ್‌ಡಿಎಂಸಿಯವರ ಸಹಿ ಹಾಕಿಸ್ರಿ, ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಒಂದು ಪಂಚಾಯಿತಿಗೆ. ಉತ್ತರ ಬರದಿದ್ರೆ ಮತ್ತೆ ಬರೀರಿ. ಆ ಹುಡುಗಿ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಗಣಿತ ಬಿಟ್ಟುಕೊಂಡ್ರೆ ಅದೇ ವರ್ಷ ಎರಡನೆಯದು ಅದೆ, ಅಲ್ಲಿವರೆಗೆ ಕೈ ಬಿಡಬೇಡ್ರಿ. ಆಕಿ ಪಾಸಾದ್ರೆ ಇನ್ನು ಇಪ್ಪತ್ತು ವರ್ಷಕ್ಕೆ ಈ ಊರಿನಲ್ಲಿ ಮಗುವಿಗೆ ಲೆಕ್ಕ ಹೇಳಿಕೊಡೋ ಒಂದು ಮನೆ ಇರ್ತದೆ. ಉಡುಪಿ ಒಂದೇ ದಿನದಲ್ಲಿ ಉಡುಪಿ ಆಗಲಿಲ್ಲ ಮೇಡಂ. ಅಲ್ಲಿಯೂ ಯಾರೋ ಒಬ್ಬರು ಇಂಥ ಮನೆಗಳನ್ನು ಒಂದೊಂದಾಗಿ ಕಟ್ಟಿದ್ದಾರೆ.